ಕುಸುಬಿ ಹೊಲದ ಅರ್ಧ ಎಕರೆ

“ಎಣ್ಣಿ ಹೊಡೀಬ್ಯಾಡ್ರಿ. ಆ ಪಂಪ್ ಕೆಳಗಿಡ್ರಿ.”

ಹನುಮಸಾಗರದ ಕುಸುಬಿ ಹೊಲದಲ್ಲಿ ಬೆನ್ನಿಗೆ ಔಷಧಿ ಪಂಪು ಏರಿಸಿಕೊಂಡಿದ್ದ ಸಿದ್ದಲಿಂಗೇಶನಿಗೆ ಅಪರಿಚಿತ ಹುಡುಗಿಯೊಬ್ಬಳು ಅಡ್ಡ ನಿಂತಿದ್ದಳು.

“ಗಿಡಕ್ಕೆಲ್ಲ ಹೇನು ಹತ್ತೈತಿ, ಒಣಗಾಕತ್ತಾವ. ಬ್ಯಾಡ ಅನ್ನಾಕ ನೀವ್ಯಾರು?”

ಅವಳು ದಾನೇಶ್ವರಿ, ಕೃಷಿ ಸಂಶೋಧನೆಯ ವಿದ್ಯಾರ್ಥಿನಿ. ಭೂತಗನ್ನಡಿಯೊಂದನ್ನು ಅವನ ಕೈಗಿಟ್ಟು ಎಲೆಯೊಂದನ್ನು ಮಗುಚಿದಳು. ಎಲೆಯಡಿ ಇರುವೆಗಿಂತ ಚಿಕ್ಕ ಕಡಜವೊಂದು ಮೀಸೆಯಿಂದ ಸಸ್ಯಹೇನುಗಳನ್ನು ತಟ್ಟಿ ನೋಡುತ್ತಿತ್ತು. ಒಂದರ ಮುಂದೆ ನಿಂತು, ಹೊಟ್ಟೆಯನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬಾಗಿಸಿ ಚುಚ್ಚಿತು.

“ಹೇನಿನೊಳಗ ಮೊಟ್ಟಿ ಇಟ್ತು. ಮರಿ ಒಳಗಿಂದ ತಿಂತೈತಿ, ಹೇನು ಉಬ್ಬಿ ಒಣಗಿ ಸಾಯ್ತೈತಿ. ಹೇನು ಹತ್ತಿದ ಗಿಡದ ವಾಸನಿ ಹಿಡದು ಹುಡುಕ್ಕೋತ ಬರ್ತಾವ್ರಿ ಇವು. ಎಣ್ಣಿ ಹೊಡದ್ರ ಇವೂ ಸಾಯ್ತಾವ.”

ಅವನು ಬಹಳ ಹೊತ್ತು ನೋಡಿದ. “ಅರ್ಧ ಎಕರೆ ಎಣ್ಣಿ ಹೊಡೀದ ಬಿಡ್ತೀನಿ.”

ಅಂದಿನಿಂದ ದಿನವೂ ಬೆಳಿಗ್ಗೆ ಇಬ್ಬರೂ ಒಂದೊಂದು ಕಡಜದ ಬೆನ್ನು ಹತ್ತಿದರು. ಅದು ಒಂದು ಗಿಡದಲ್ಲಿ ಎಷ್ಟು ಹೊತ್ತು ಹುಡುಕುತ್ತದೆ, ಎಷ್ಟು ಹೇನು ಚುಚ್ಚಿ ಮುಂದಿನ ಗಿಡಕ್ಕೆ ಹಾರುತ್ತದೆ ಎಂದು ಅವಳು ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಕುಸುಬಿ ಮುಳ್ಳಿಗೆ ಅವಳ ಕೈ ಗೀರಿದ್ದು ಕಂಡು, ಅಪ್ಪನ ತುಂಬುತೋಳಿನ ಅಂಗಿ ತಂದುಕೊಟ್ಟ.

‘ಇವನ ಪಕ್ಕ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲವಲ್ಲ...’ ಎಂದುಕೊಂಡಳು.

ಆದರೆ ಕಡಜಗಳಿಗಿಂತ ಹೇನುಗಳೇ ಬೇಗ ಹೆಚ್ಚಿದವು.

“ಇನ್ನೆಂಟು ದಿನ ತಡೀರಿ,” ಎಂದಳು.

“ಆತು. ನಿಮ್ಮ ಮಾತು ಮೀರೂದಿಲ್ಲ.”

ಐದನೆಯ ದಿನ ಅವಳು ಬಂದಾಗ ಆ ಅರ್ಧ ಎಕರೆಯೆಲ್ಲ ಔಷಧಿಯಿಂದ ನಾರುತ್ತಿತ್ತು. ಎಲೆಯ ಮೇಲೆ ಕಡಜಗಳು ಸತ್ತು ಅಂಟಿಕೊಂಡಿದ್ದವು. ಸಿದ್ದಲಿಂಗೇಶ ಕಾಣಲಿಲ್ಲ, ಫೋನೂ ಎತ್ತಲಿಲ್ಲ. ವಾಯ್ಸ್ ಮೆಸೇಜ್ ಬಿಟ್ಟಳು.

“ನಿಮ್ಮನ್ನ ನಂಬಿದ್ದು ನಂದ ತಪ್ಪು. ಇನ್ನ ನಿಮ್ಮ ಮಾರಿ ನೋಡೂದಿಲ್ಲ.”

ಒಂದು ತಿಂಗಳ ನಂತರ, ಹೊಲದಲ್ಲಿ ಉಳಿದ ಸಾಮಾನು ಒಯ್ಯಲು ಬಂದವಳಿಗೆ ಪಕ್ಕದ ಹೊಲದ ಜೈನಾಬೀ ಎದುರಾದಳು.

“ಹೊಡದಾಂವ ಅವನಲ್ಲವ್ವ, ಅವರಪ್ಪ ಕೊಟ್ರಪ್ಪ. ಬೆಳಿ ಹಾಳಾಗ್ತೈತಿ ಅಂತ ಮಗನಿಗೆ ಹೇಳದ ಹೊಡದ. ಗಾಳಿ ಎದುರಿತ್ತು, ಮಾರಿಗೆ ಬಟ್ಟಿ ಇರಲಿಲ್ಲ. ಎಣ್ಣಿ ಮೈಗೇರಿ ಅಲ್ಲೇ ಬಿದ್ದ. ಮೂರು ದಿನ ದವಾಖಾನ್ಯಾಗಿದ್ದು ತೀರಿಕೊಂಡ.”

ದಾನೇಶ್ವರಿ ಸಾಮಾನನ್ನು ಬದುವಿನ ಮೇಲೆಯೇ ಬಿಟ್ಟು ಅವನ ಮನೆಯ ಕಡೆ ನಡೆದಳು. ‘ಎಂಟು ದಿನ ತಡೀರಿ ಅಂದವಳು ನಾನೇ...’

ಮನೆಯ ಕಟ್ಟೆಯ ಮೇಲೆ ಸಿದ್ದಲಿಂಗೇಶ ಕೂತಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಚಿಗುರಿತ್ತು. ಅವನ ತಾಯಿ ಪಂಪಮ್ಮ ಇವಳನ್ನು ನೋಡಿ, ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

“ನಾ ಬರದಿದ್ರ ನಿಮ್ಮಪ್ಪಾರು ಇರ್ತಿದ್ರು,” ಎಂದಳು ದಾನೇಶ್ವರಿ.

“ನಾನೂ ಹಂಗ ಅನ್ಕೊಂಡೆ. ನಿಮ್ಮ ಮ್ಯಾಲ ಸಿಟ್ಟಾಗಾಕ ಭಾಳ ನೋಡಿದೆ. ಆಗಲಿಲ್ಲ.”

“ಆ ಮೆಸೇಜು...”

“ದವಾಖಾನಿ ಹೊರಗ ಕೂತು ಕೇಳಿದೆ. ಬೈದಿದ್ರೂ ನಿಮ್ಮ ದನಿ ಅಲ್ಲೇನ್ರಿ? ಮತ್ತ ಮತ್ತ ಅದನ್ನ ಕೇಳಿದೆ.”

ಅವಳಿಗೆ ಅಳು ತಡೆಯಲಾಗಲಿಲ್ಲ.

“ಅವ್ವ ನಿಮ್ಮನ್ನ ಒಳಗ ಕರಿಯೂದಿಲ್ಲ. ಯಾವತ್ತೂ ಕರೀಲಿಕ್ಕಿಲ್ಲ,” ಎಂದ.

“ಹೊರಗ ಕುಂದರ್ತೀನಿ.”

“ದಿನಾ?”

“ದಿನಾ.”

ಅವನು ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟ.