ಅತ್ತೆಯ ತಲೆಯೊಳಗಿನ ಸತ್ಯ

"ಅಯ್ಯೋ ಶಿವನೇ! ಅವ್ವನ ಕೊರಳಾಗ ಲಿಂಗ ಎಲ್ಲಿ?"

ನಡುಮನೆಯಿಂದ ಬಂದ ಆ ಕೂಗಿಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನೀಲಾಂಬಿಕೆಯ ಕೈ ಹಿಟ್ಟಿನ ಮೇಲೆಯೇ ನಿಂತುಹೋಯಿತು. ಭಾನುವಾರವೆಂದು ವಿಜಯನಗರದಿಂದ ತಾಯಿಯನ್ನು ನೋಡಲು ಬಂದಿದ್ದ ಗಂಡನ ಅಕ್ಕ ಗಿರಿಜಾದೇವಿ, ಎಣ್ಣೆ ಹಚ್ಚಿ ತಲೆ ಬಾಚುತ್ತೇನೆಂದು ಮುದುಕಿಯನ್ನು ಮುಂದೆ ಕೂರಿಸಿಕೊಂಡಿದ್ದಳು. ಸೆರಗು ಸರಿದಿತ್ತು, ಬರಿಯ ಕೊರಳು ಕಂಡಿತ್ತು. ಮಾತು ಬರುವ ಮೊದಲೇ ಕೊರಳಿಗೆ ಲಿಂಗ ಕಟ್ಟಿಸಿಕೊಂಡವರು ಅತ್ತೆ ಜಯದೇವಮ್ಮ. ಬಾಣಂತನದಲ್ಲಾಗಲಿ, ಗಂಡ ತೀರಿಕೊಂಡ ದಿನವಾಗಲಿ ಅದನ್ನು ಮೈಯಿಂದ ಇಳಿಸಿದವರಲ್ಲ. ಅಂಥವರ ಕೊರಳಲ್ಲಿ ಈಗ ಶಿವದಾರದ ಎಳೆಯೂ ಇರಲಿಲ್ಲ...

ನೀಲಾ ಓಡಿ ಬಂದಳು. "ಅತ್ತಿಗೆ, ದೇವರ ಜಗಲಿ ಮೇಲೆ ಇಟ್ಟಿದೀನಿ. ಪೂಜೆ ಹೊತ್ತಿಗೆ ನಾನೇ ಕಟ್ತೀನಿ. ಹೋದ ವಾರ ಬಚ್ಚಲಿನ ತೂತಿನ ಹತ್ರ ಸಿಕ್ತು. ಅದಕ್ಕೂ ಮೊದಲು ಅಕ್ಕಿ ಡಬ್ಬದೊಳಗೆ... ಕಳೆದುಹೋದ್ರೆ ಏನು ಗತಿ ಅಂತ..."

"ಏನಂದಿ? ನನ್ನವ್ವ ಲಿಂಗಾನ ಬಚ್ಚಲಿಗೆ ಹಾಕಿದಳಾ? ಹೇಳಾಕೆ ನಾಲಿಗಿ ಹೆಂಗೆ ಬಂತೇ ನಿನಗೆ!"

ನೀಲಾಳಿಗೆ ಮಾತು ಯಾವಾಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತುಮಕೂರಿನಲ್ಲಿ ಬಿ.ಎ. ಓದುವಾಗಲೂ ಮೇಷ್ಟರು ಹೆಸರು ಹಿಡಿದು ಕರೆದರೆ ಕಣ್ಣು ನೆಲ ನೋಡುತ್ತಿತ್ತು. ಈಗಲೂ ಹಾಗೆಯೇ ಆಯಿತು. ಅವಳು ಸರಿಯಾದ ಮಾತನ್ನು ಹುಡುಕುವಷ್ಟರಲ್ಲಿ ಜಯದೇವಮ್ಮ ಮಗಳ ಕೈ ಹಿಡಿದುಕೊಂಡು ಅಳತೊಡಗಿದರು.

"ಎರಡು ದಿನ ಆತವ್ವಾ, ಈಕಿ ನನಗೆ ಒಂದು ತುತ್ತೂ ಹಾಕಿಲ್ಲ. ಹಸಿವು ಕಣವ್ವಾ..."

ಅರ್ಧ ಗಂಟೆಯ ಹಿಂದೆ ಮೊಸರನ್ನ ಉಂಡ ತಟ್ಟೆ ಇನ್ನೂ ತೊಳೆಯದೆ ಬಿದ್ದಿತ್ತು! ಆದರೆ ಅಳುವ ತಾಯಿಯ ಮುಂದೆ ಎಂಜಲು ತಟ್ಟೆಯ ಸಾಕ್ಷಿ ಯಾರಿಗೆ ಬೇಕು? ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಕಲ್ಯಾಣಮ್ಮ ಇಣುಕಿ, "ಹೌದಮ್ಮಾ, ಮೊನ್ನೆ ನಮ್ಮನೆ ಬಾಗಿಲಿಗೂ ಬಂದು ಹಂಗೇ ಅಂದ್ರು. ನಾವೇ ಎರಡು ಇಡ್ಲಿ ಕೊಟ್ವಿ. ಪಾಪ, ಯಾರ ಮನೇಲಿ ಏನಿದೆಯೋ..." ಎಂದು ಹೇಳಿ ತಲೆ ಒಳಗೆಳೆದುಕೊಂಡರು.

"ಉಪವಾಸ ಕೆಡವಿ, ಲಿಂಗ ಕಿತ್ತುಕೊಂಡು ನನ್ನವ್ವನ್ನ ಹುಚ್ಚಿ ಮಾಡಿದೆಯಲ್ಲೇ! ಊರಾಗ ಹೆಂಗಿದ್ದಳು! ನಿನ್ನ ಕೈಗೆ ಬಂದ ಮೇಲೆ ಹಿಂಗಾಗ್ಯಾಳ!" ಗಿರಿಜಾ ಎದೆ ಬಡಿದುಕೊಂಡಳು. ಕುರ್ಚಿಯಲ್ಲಿ ಕುಳಿತಿದ್ದ ನೀಲಾಳ ಗಂಡ ಶಿವಬಸಪ್ಪ ಪೇಪರಿನಿಂದ ಮುಖ ಎತ್ತಿದ, ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದ.

ಸುದ್ದಿಗೆ ಕಾಲು ಬೇಕೇ? ಬಸವೇಶ್ವರನಗರದಿಂದ ದಾವಣಗೆರೆಯವರೆಗೂ ನೆಂಟರಿಷ್ಟರ ಬಾಯಲ್ಲೆಲ್ಲ ಅದೇ ಮಾತಾಯಿತು. ಓದಿದ ಸೊಸೆ, ಅತ್ತೆಗೆ ಅನ್ನ ಹಾಕದ ಸೊಸೆ. ಮದುವೆಮನೆಗಳಲ್ಲಿ ನೀಲಾ ಪಂಕ್ತಿಗೆ ಬಡಿಸಲು ಬಂದರೆ, "ಇವಳ ಕೈ ಬಲು ಧಾರಾಳವಂತೆ" ಎಂದು ಯಾರೋ ಅನ್ನುತ್ತಿದ್ದರು, ಉಳಿದವರು ನಗುತ್ತಿದ್ದರು.

ಕೊನೆಗೆ ಶಿವಬಸಪ್ಪ ಕಾರ್ಖಾನೆಗೆ ರಜೆ ಹಾಕಿ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಮಿದುಳಿನ ಕಾಯಿಲೆ ನೋಡುವ ಡಾಕ್ಟರಮ್ಮ ಮುದುಕಿಯ ಜೊತೆ ಮಗುವಿನ ಹತ್ತಿರ ಮಾತಾಡುವಂತೆ ಬಹಳ ಹೊತ್ತು ಮಾತಾಡಿದರು. ಇದು ಯಾವ ಊರು ಎಂದರೆ ಜಯದೇವಮ್ಮ ಎಂದೋ ಬಿಟ್ಟುಬಂದ ದಾವಣಗೆರೆಯ ಹೆಸರು ಹೇಳಿದರು. ಮಗನನ್ನು ತೋರಿಸಿದರೆ, "ನಮ್ಮಣ್ಣ" ಎಂದು ನಾಚಿ ಸೆರಗು ಹೊದ್ದುಕೊಂಡರು. ಶಿವಬಸಪ್ಪ ಕಿಟಕಿಯ ಕಡೆ ತಿರುಗಿ ನಿಂತ...

"ವಯಸ್ಸಾದ ಮೇಲೆ ಇದೆಲ್ಲ ಮಾಮೂಲಿ ಅಲ್ವಾ ಡಾಕ್ಟ್ರೇ?" ಎಂದ.

"ಎಲ್ಲರೂ ಹಾಗೇ ಅನ್ನೋದು. ನಾವು ಡಾಕ್ಟರುಗಳೂ ಮೊನ್ನೆ ಮೊನ್ನೆವರೆಗೆ ಅರಳು ಮರುಳು ಅಂತಲೇ ಬಿಟ್ಟುಬಿಡ್ತಿದ್ವಿ. ಆದರೆ ಮುಪ್ಪೇ ಬೇರೆ, ಮುಪ್ಪಿನಲ್ಲಿ ಬರೋ ಕಾಯಿಲೆಯೇ ಬೇರೆ. ಮುಪ್ಪು ಬಂದರೆ ಹೆಸರು ಬೇಗ ನೆನಪಾಗಲ್ಲ. ಇವರಿಗೆ ಉಂಡಿದ್ದೇ ನೆನಪಿಲ್ಲ ಅಂದ್ರೆ, ಅದನ್ನ ಬರೆದಿಟ್ಟುಕೊಳ್ಳೋ ಜಾಗವೇ ಸಾಯ್ತಾ ಇದೆ. ಆಲ್ಜೈಮರ್ ಕಾಯಿಲೆ ಅಂತಾರೆ. ಇಂಥವರ ಮಿದುಳಲ್ಲಿ ಕಲೆಗಳು ಕಟ್ಟಿಕೊಂಡಿರ್ತವೆ. ಅವು ಯಾವ ವಸ್ತುವಿನಿಂದ ಆಗಿವೆ ಅಂತ ಹೊರದೇಶದಲ್ಲಿ ಕಂಡುಹಿಡಿದು ಇನ್ನೂ ಮೂರು ವರ್ಷ ಆಗಿಲ್ಲ. ಯಾಕೆ ಕಟ್ಟಿಕೊಳ್ತವೆ ಅನ್ನೋದು ಯಾರಿಗೂ ಗೊತ್ತಿಲ್ಲ. ಔಷಧಿಯೂ ಇಲ್ಲ."

ನೀಲಾ ಧೈರ್ಯ ಮಾಡಿ ಬಾಯಿ ಬಿಟ್ಟಳು. "ಇದು... ಊಟ ಸರಿಯಾಗಿ ಹಾಕದೇ ಇದ್ರೆ ಬರುತ್ತಾ ಮೇಡಂ? ಮನಸ್ಸಿಗೆ ನೋವಾದ್ರೆ?"

ಡಾಕ್ಟರಮ್ಮ ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಆ ಪ್ರಶ್ನೆ ಯಾಕೆ ಬಂತೆಂದು ಅವರಿಗೆ ಅರ್ಥವಾಗಿರಬೇಕು. "ಇಲ್ಲಮ್ಮ. ಇದು ಯಾರೂ ಮಾಡಿದ್ದಲ್ಲ. ಆದರೆ ನಾನು ಹೇಳಿದ್ದೇ ನಿಜ ಅಂತ ಈಗ ಸಾಧಿಸಿ ತೋರಿಸೋಕಾಗಲ್ಲ. ಜೀವ ಹೋದ ಮೇಲೆ ಮಿದುಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರೇನೇ ಖಚಿತ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಕೇಳಬಾರದು, ಆದ್ರೂ ಕೇಳ್ತಾ ಇದೀನಿ. ನಮ್ಮ ಜನರಲ್ಲಿ ಈ ಕಾಯಿಲೆ ಎಷ್ಟಿದೆ, ಹೇಗಿದೆ ಅಂತ ತಿಳಿಯೋಕೆ ಯಾರೂ ಮಿದುಳು ಕೊಡಲ್ಲ. ಆ ಸಮಯ ಬಂದಾಗ ನನಗೊಂದು ಫೋನ್ ಮಾಡಿ. ಹೊರಗೆ ಏನೂ ಕಾಣಲ್ಲ, ಹೊಲಿಗೇನ ಕೂದಲು ಮುಚ್ಚಿಕೊಳ್ಳುತ್ತೆ."

ಶಿವಬಸಪ್ಪ ಎದ್ದುಬಿಟ್ಟ. "ಬಿಡಿ ಮೇಡಂ. ನಮ್ಮಲ್ಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡ್ತೀವಿ. ತಲೆ ಮೇಲೆ ಅಯ್ಯನವರು ಪಾದ ಇಟ್ಟು ಕಳಿಸಿಕೊಡ್ತಾರೆ. ಆ ತಲೇನ..."

ಆದರೆ ನೀಲಾಳ ಎದೆಯೊಳಗೆ ಆ ಮಾತು ಬೀಜದಂತೆ ಬಿದ್ದಿತು. ಖಚಿತ! ಯಾರೂ ಮಾಡಿದ್ದಲ್ಲವೆಂದು ಖಚಿತವಾಗಿ ಹೇಳಬಲ್ಲ ಒಂದು ಮಾತು ಈ ಲೋಕದಲ್ಲಿದೆ. ಅದು ಅತ್ತೆಯ ತಲೆಯೊಳಗೇ ಇದೆ. ಅತ್ತೆಗೆ ತುತ್ತು ಮಾಡಿ ಉಣಿಸುವಾಗ, ಒದ್ದೆಯಾದ ಸೀರೆ ಬದಲಿಸುವಾಗ, ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು ತನ್ನ ಕೈಯಿಂದಲೇ ವಿಭೂತಿ ಹಚ್ಚುವಾಗ ಅವಳ ಕಣ್ಣು ಆ ಬೆಳ್ಳಗಿನ ನೆತ್ತಿಯ ಮೇಲೆ ನಿಲ್ಲುತ್ತಿತ್ತು. ಮರುಗಳಿಗೆಯೇ ಕಣ್ಣು ಕಿತ್ತುಕೊಳ್ಳುತ್ತಿದ್ದಳು. ತಾನು ಕಾಯುತ್ತಿರುವುದು ಏನನ್ನು? ಈ ತಾಯಿಯ ಸಾವನ್ನೇ? ತನ್ನ ಹೆಸರು ತೊಳೆಯಲು ಇವರ ಹೆಣ ಬೇಕೇ? ಛೇ! ಎಂದು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅತ್ತೆ ಆಗ ಅವಳ ಬೆನ್ನು ಸವರಿ, "ಯಾರ ಮಗಳವ್ವಾ ನೀನು? ನಿಮ್ಮತ್ತೆ ಬೈದಳೇನು?" ಎಂದು ಕೇಳುತ್ತಿದ್ದರು...

ಚಳಿಗಾಲದಲ್ಲಿ ಕಫ ಕಟ್ಟಿ, ಒಂದು ಬೆಳಗ್ಗೆ ನೀಲಾಳ ತೊಡೆಯ ಮೇಲೆಯೇ ಜಯದೇವಮ್ಮನ ಉಸಿರು ನಿಂತಿತು.

ಗಿರಿಜಾ ಆಟೋ ಇಳಿದು ಬೀದಿಯಿಂದಲೇ ಗೋಳಿಡುತ್ತ ಬಂದಳು. ಕಲ್ಯಾಣಮ್ಮ, ಬೀದಿಯ ಹೆಂಗಸರು, ಕಾರ್ಖಾನೆಯ ಗೆಳೆಯರು ಎಲ್ಲರೂ ನೆರೆದಿದ್ದರು. ತಾಯಿಯ ಸೊರಗಿದ ಮೈ ಕಂಡವಳೇ ಅವಳು ನೀಲಾಳ ಕಡೆ ತಿರುಗಿದಳು.

"ಕೊಂದೆಯಲ್ಲೇ! ಹಸಿವು ಹಸಿವು ಅಂತ ಅಂದುಕೋತಾನೇ ಹೋದಳಲ್ಲೇ ನನ್ನವ್ವ! ಈಗ ಹೊಟ್ಟಿ ತಣ್ಣಗಾತೇನು ನಿಂದು?"

ಆಗ, ಇಷ್ಟು ವರ್ಷ ಪೇಪರಿನ ಹಿಂದೆ ಅಡಗಿ ಕುಳಿತಿದ್ದ ಶಿವಬಸಪ್ಪ ಮುಂದೆ ಬಂದ.

"ಸಾಕು ಅಕ್ಕಾ. ನಾನು ಆ ಡಾಕ್ಟರಮ್ಮನಿಗೆ ಫೋನ್ ಮಾಡ್ತೀನಿ. ನೋಡಲಿ ಅವರು. ಅವ್ವನಿಗೆ ಏನಾಗಿತ್ತು ಅಂತ ಎಲ್ಲರಿಗೂ ಗೊತ್ತಾಗಲಿ. ನನ್ನ ಹೆಂಡತಿ ಅವ್ವನ ಹೇಲು ಉಚ್ಚೆ ಬಾಚಿದಾಳೆ. ಅದನ್ನ ನಾನು ನೋಡಿದೀನಿ, ನೋಡಿಯೂ ಸುಮ್ನಿದ್ದೆ."

"ಏನು? ಅವ್ವನ ತಲಿ ಒಡಸ್ತೀಯಾ? ಪಾದ ಇಡೋ ತಲೀನ! ನನ್ನ ಹೆಣದ ಮ್ಯಾಲೆ ಹೋಗಿ ಮಾಡು!"

ನೀಲಾ ಅಲ್ಲಿ ನಿಲ್ಲಲಾರದೆ ಹಿತ್ತಿಲಿಗೆ ಹೋದಳು. ಎಷ್ಟೋ ತಿಂಗಳಿನಿಂದ ಮನಸ್ಸಿನಲ್ಲೇ ಬೇಡಿಕೊಂಡ ಮಾತನ್ನು ಗಂಡ ಇಂದು ಊರ ಮುಂದೆ ಆಡಿದ್ದ. ಆದರೆ ಆ ಮಾತಿಗಾಗಿ ಅತ್ತೆ ಅಲ್ಲಿ ಹೆಣವಾಗಿ ಮಲಗಿದ್ದರು. ನೀರಿನ ಡ್ರಮ್ಮಿಗೆ ಒರಗಿ ಅವಳು ಬಿಕ್ಕಿದಳು. ಹಿಂದೆಯೇ ಹೆಜ್ಜೆಯ ಸದ್ದು. ಗಿರಿಜಾ! ಬೈಯಲು ಬಂದಳೆಂದೇ ನೀಲಾ ಕಣ್ಣು ಮುಚ್ಚಿಕೊಂಡಳು.

"ಡಾಕ್ಟ್ರು..." ಗಿರಿಜಾಳ ದನಿ ಬೇರೆಯೇ ಆಗಿತ್ತು. "ಆ ಡಾಕ್ಟ್ರು, ಇದು ಮಕ್ಕಳಿಗೂ ಬರತೈತಿ ಅಂದರಾ?"

ನೀಲಾ ಕಣ್ಣು ತೆರೆದಳು. ಎದುರಿಗೆ ನಿಂತ ಹೆಂಗಸಿನ ಮುಖದಲ್ಲಿ ರಕ್ತವಿರಲಿಲ್ಲ.

"ಯಾಕೆ ಅತ್ತಿಗೆ?"

"ಮೊನ್ನೆ ಮಾರ್ಕೆಟ್‌ನಿಂದ ಬಸ್ಸಿನಾಗ ಬಂದೆ. ಕಾಮಾಕ್ಷಿಪಾಳ್ಯದಾಗ ಇಳಿದೆ. ಯಾಕೆ ಇಳಿದೆ, ನನಗೇ ಗೊತ್ತಿಲ್ಲ. ನಮ್ಮನಿ ಯಾವ ಕಡೆ ಅಂತ ತಿಳೀಲಿಲ್ಲ ಕಣೇ. ಗಾರ್ಮೆಂಟ್ಸ್ ಹುಡುಗೇರು ಕೆಲಸ ಬಿಟ್ಟು ಬರ್ತಿದ್ರು, ಅವರನ್ನ ಕೇಳಾಕೂ ನಾಚಿಕೆ. ಅಂಗಡಿ ಕಟ್ಟಿ ಮ್ಯಾಲೆ ಕುಂತು ಅತ್ತುಬಿಟ್ಟೆ. ಯಾರಿಗೂ ಹೇಳಿಲ್ಲ. ನಮ್ಮನಿಯವರಿಗೂ ಹೇಳಿಲ್ಲ." ಗಿರಿಜಾ ನೀಲಾಳ ಎರಡೂ ಕೈ ಹಿಡಿದುಕೊಂಡಳು. "ನಿನ್ನ ತಪ್ಪಿನಿಂದ ಅವ್ವ ಹಂಗಾದಳು ಅಂದ್ರೆ, ನನಗೆ ಬರಾಂಗಿಲ್ಲ ಅಲ್ಲ? ಅದಕ್ಕ... ಅದಕ್ಕ ನಿಂದೇ ತಪ್ಪಾಗಬೇಕಿತ್ತು ನನಗೆ!"

ಒಳಗೆ ಯಾರೋ ಭಜನೆಯ ಪದ ಎತ್ತಿಕೊಂಡರು. ನೀಲಾ ಆಕೆಯನ್ನು ಅಪ್ಪಿಕೊಂಡಳು. ಇಷ್ಟು ದಿನ ತನ್ನನ್ನು ಸುಟ್ಟ ಬೆಂಕಿಯ ಬುಡದಲ್ಲಿ ಇಷ್ಟು ಭಯವಿತ್ತೇ... ಎಷ್ಟೋ ಹೊತ್ತಿನ ಮೇಲೆ ಗಿರಿಜಾ ಮೂಗು ಒರೆಸಿಕೊಂಡಳು.

"ಶಿವಬಸುಗೆ ಹೇಳು. ಕರೆಸಲಿ ಡಾಕ್ಟ್ರನ್ನ. ನನಗೆ ತಿಳೀಬೇಕು."

ಅಯ್ಯನವರು ಮೊದಲು ಹುಬ್ಬು ಗಂಟಿಕ್ಕಿದರು. ಮಗನೂ ಮಗಳೂ ಒಂದೇ ಮಾತು ಹೇಳುತ್ತಿರುವುದನ್ನು ಕಂಡು, "ಮಕ್ಕಳು ಒಪ್ಪಿದ ಮೇಲೆ ನಂದೇನು? ಪಾದ ಇಡೋನು ನಾನು, ಹೊತ್ತು ಮುಳುಗೋದರೊಳಗೆ ತಾಯಿನ ಕರಕೊಂಡು ಬಂದುಬಿಡಿ" ಎಂದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಜಯದೇವಮ್ಮ ಆಸ್ಪತ್ರೆಗೆ ಹೋಗಿ ಮನೆಗೆ ಮರಳಿದರು. ಡಾಕ್ಟರಮ್ಮ ಹೇಳಿದಂತೆಯೇ ಹೊರಗೆ ಏನೂ ಕಾಣುತ್ತಿರಲಿಲ್ಲ. ಗಿರಿಜಾಳೇ ತಾಯಿಯ ಹಣೆಗೆ ವಿಭೂತಿ ಬಳಿದಳು.

ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೇ ಹೋದರು. ಡಾಕ್ಟರಮ್ಮ ನೀಲಾಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಲ್ಲೊಂದು, ಇಲ್ಲೊಂದು, ಎಲ್ಲೆಲ್ಲೂ ಕಪ್ಪು ಕಲೆಗಳು. "ಅನುಮಾನವೇ ಇಲ್ಲ. ಅದೇ ಕಾಯಿಲೆ. ಹತ್ತು ವರ್ಷದ ಹಿಂದೆಯೇ ಶುರುವಾಗಿರಬಹುದು. ನಿಮ್ಮ ಮದುವೆಗೂ ಮೊದಲೇ."

ಇದೇ ಮಾತಿಗಾಗಿ ಹಂಬಲಿಸಿದ್ದಳಲ್ಲವೇ? ನೀಲಾ ಕಣ್ಣು ತೆಗೆಯದೆ ಕೇಳಿದಳು: "ಮಕ್ಕಳಿಗೆ ಬರುತ್ತಾ ಮೇಡಂ?"

"ಕೆಲವು ಮನೆತನಗಳಲ್ಲಿ ಬರುತ್ತೆ. ಎಷ್ಟೋ ಕಡೆ ಬರಲ್ಲ. ನಿಮ್ಮದು ಯಾವುದು ಅಂತ ಹೇಳೋಷ್ಟು ನಮಗೆ ತಿಳಿದಿಲ್ಲ. ಬರೋ ಹಾಗಿದ್ರೂ ಈಗ ಮಾಡೋಕೆ ಏನೂ ಇಲ್ಲ. ಮುಂದೆ ಯಾವತ್ತೋ ಒಂದು ದಿನ, ಇಂಥವರು ಕೊಟ್ಟಿದ್ದರಿಂದಲೇ..." ಡಾಕ್ಟರಮ್ಮ ಮಾತು ನಿಲ್ಲಿಸಿ ಅವಳ ಭುಜ ಮುಟ್ಟಿದರು.

ಆ ಸೋಮವಾರ ಅತ್ತೆಯ ಹೆಸರಿನಲ್ಲಿ ಜಂಗಮರಿಗೆ ಪ್ರಸಾದವಿತ್ತು. ಗಿರಿಜಾಳಿಗೆ ಅವರಿನ್ನೂ ಏನೂ ಹೇಳಿರಲಿಲ್ಲ. ದಾವಣಗೆರೆಯಿಂದ ಚಿಕ್ಕತ್ತೆ ಪಾರ್ವತವ್ವ, ನೆಂಟರು, ಕಲ್ಯಾಣಮ್ಮ ಎಲ್ಲರೂ ಬಂದಿದ್ದರು. ಹೆಂಗಸರ ಪಂಕ್ತಿ ಕುಳಿತಾಗ ಪಾರ್ವತವ್ವ ಎಲ್ಲರಿಗೂ ಕೇಳಿಸುವಂತೆ, "ಏನವ್ವಾ ನೀಲಾ, ತಲಿ ಒಳಗ ಏನು ಸಿಕ್ಕಿತಂತ ಡಾಕ್ಟ್ರಿಗೆ?" ಎಂದರು.

ಸಾರಿನ ಪಾತ್ರೆ ಹಿಡಿದ ಗಿರಿಜಾ ನಿಂತಲ್ಲೇ ಕಲ್ಲಾದಳು. ಬಾಗಿಲಲ್ಲಿ ನಿಂತ ಶಿವಬಸಪ್ಪ, ಹೇಳು, ಹೇಳಿಬಿಡು ಎಂಬಂತೆ ಹೆಂಡತಿಯನ್ನು ನೋಡುತ್ತಿದ್ದ. ಅನ್ನಲು ಒಂದೇ ಒಂದು ಮಾತು! ಆಡಿದರೆ ಇಷ್ಟು ಬಾಯಿಗಳು ಇಂದೇ ಮುಚ್ಚುತ್ತವೆ. ಆದರೆ ನೀಲಾಳಿಗೆ ಕಂಡದ್ದು ಗಿರಿಜಾಳ ಕಣ್ಣು ಮಾತ್ರ. ಗೊತ್ತಿಲ್ಲದ ಊರಿನ ಅಂಗಡಿ ಕಟ್ಟೆಯ ಮೇಲೆ ಕುಳಿತು ಅಳುವ ಹೆಂಗಸಿನ ಕಣ್ಣು.

"ಏನೂ ಸಿಗಲಿಲ್ಲವಂತೆ," ಎಂದಳು ನೀಲಾ. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. "ಬರೀ ವಯಸ್ಸಂತೆ. ಬೇರೆ ಯಾವ ಕಾಯಿಲೆಯೂ ಇರಲಿಲ್ಲವಂತೆ."

"ಹಂಗಾರೆ ನಾವು ಅಂದಿದ್ದೇ ಖರೆ ಆತು ಬಿಡು," ಎಂದು ಪಾರ್ವತವ್ವ ಪಕ್ಕದವಳ ಮುಖ ನೋಡಿದರು. "ಕಾಯಿಲೆ ಇಲ್ಲದಾಕಿ ಹಸಿವು ಅಂತ ಯಾಕ ಅಳತಿದ್ಲು?"

"ಸಾಕು, ಉಣ್ಣಾಕೆ ಬಂದೀರಿ, ಉಣ್ರಿ ಚಿಕ್ಕಮ್ಮ!" ಗಿರಿಜಾ ಗದರಿದಳು. ಆದರೆ ಆ ಗದರಿಕೆಯಲ್ಲೂ ಒಂದು ಹಗುರತನವಿತ್ತು. ಕಲ್ಯಾಣಮ್ಮನಿಗೆ ಒತ್ತಾಯ ಮಾಡಿ ಎರಡು ಹೋಳಿಗೆ ಹಾಕಿದಳು, ಏನೋ ಹೇಳಿ ನಕ್ಕಳು. ಎಷ್ಟೋ ತಿಂಗಳಿನಿಂದ ನೀಲಾ ಆ ನಗೆ ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಶಿವಬಸಪ್ಪ ಅವಳ ಹಿಂದೆ ಬಂದು ನಿಂತ. ಅವನ ಕಣ್ಣು ತುಂಬಿತ್ತು.

"ಯಾಕೆ ಹಾಗಂದೆ ನೀಲಾ? ಇನ್ನು ಯಾವತ್ತೂ ನಿನ್ನ ಮೇಲಿನ ಮಾತು ಹೋಗಲ್ಲ ಕಣೆ."

"ನಿಮಗೆ ಗೊತ್ತಿದೆಯಲ್ಲ. ಸಾಕು."

"ನಾಳೆ ಅಕ್ಕನಿಗೂ ಬಂದ್ರೆ?"

ನೀಲಾ ತುಪ್ಪದ ಗಿಂಡಿ ಕೈಗೆತ್ತಿಕೊಂಡಳು. ಹೊರಗೆ ಪಂಕ್ತಿ ಕಾಯುತ್ತಿತ್ತು.

"ಬಂದ್ರೆ ಇಲ್ಲಿಗೇ ಕರ್ಕೊಂಡು ಬನ್ನಿ," ಎಂದಳು. "ನಾನಿದೀನಿ."