ಜೋಡಿಗೋಡೆಯ ಉಣ್ಣೆ

ಚಳಿ ಕಚ್ಚುತ್ತಿತ್ತು. ಹಟ್ಟಿಗಳಲ್ಲಿ ಕುರಿಗಳಿಗೆ ಮೇವು ಹಾಕುವ ಹೊತ್ತಿಗೇ ಹೊಸ ಶಾಲೆಯ ಗೋಡೆಗೆ ಉಳಿ ಬಿತ್ತು. ಗಾರೆಯವನು ಒಳಗೆ ಕೈ ಹಾಕಿ ಎಳೆದ. ಬಂದದ್ದು ಉಣ್ಣೆಯಲ್ಲ—ಹರಿದ ಗೋಣಿ, ಮುಗ್ಗಲು ಹಿಡಿದ ಹುಲ್ಲು!

ಒಲೆಯಿಲ್ಲದೆ ಬೆಚ್ಚಗಿರುವ ಶಾಲೆಯೆಂದು ಕಟ್ಟಡದ ಖರ್ಚನ್ನು ಸರ್ಕಾರ ಕೊಟ್ಟಿತ್ತು. ಜೋಡಿಗೋಡೆಗಳ ನಡುವೆ ತುಂಬಲು ಪ್ರತಿ ಮನೆಯೂ ಆ ವರ್ಷದ ಉಣ್ಣೆ ಕೊಟ್ಟಿತ್ತು. ಆದರೂ ಮಕ್ಕಳು ಬೆರಳು ಮಡಿಸಲಾಗದೆ ನಡುಗುತ್ತಿದ್ದರು. ತಾಯಂದಿರ ಕಣ್ಣು ಕೆಂಪಾಯಿತು.

"ನಕ್ಷೆ ಇವಳದು, ಉಸ್ತುವಾರಿ ಇವಳದು. ಇವತ್ತೇ ಕೆಲಸದಿಂದ ತೆಗೀತೀವಿ!" ಶಾಲಾ ಸಮಿತಿಯ ಅಧ್ಯಕ್ಷ, ಊರಿನದೇ ಇಂಜಿನಿಯರ್ ಹುಡುಗಿಯತ್ತ ಬೆರಳು ತೋರಿದ.

"ನಮ್ಮಮ್ಮ ಕೊಟ್ಟ ಉಣ್ಣೆನೂ ಅದರಲ್ಲಿತ್ತು, ದೊಡ್ಡಪ್ಪ. ನಾನು ಕದೀತೀನಾ?" ಹುಡುಗಿ ಅಧ್ಯಕ್ಷನತ್ತ ತಿರುಗಿದಳು.

"ಸ್ವಲ್ಪ ತಡೀರಪ್ಪ," ಎಂದಳು ಪೊಲೀಸಜ್ಜಿ. ಠಾಣೆಯಿಂದ ನಿವೃತ್ತಳಾಗಿದ್ದರೂ ಊರಿನ ಬಾಯಲ್ಲಿ ಆ ಹೆಸರು ನಿವೃತ್ತವಾಗಿರಲಿಲ್ಲ. "ಉಣ್ಣೆ ಇಟ್ಟಿದ್ದ ಉಗ್ರಾಣದ ಬೀಗದಕೈ ಯಾರ ಹತ್ರ?"

"ನನ್ನ ಹತ್ರ, ಗಾರೆಯವರ ಹತ್ರ, ದೊಡ್ಡಪ್ಪನ ಹತ್ರ," ಎಂದಳು ಹುಡುಗಿ.

"ತುಂಬುವಾಗ ನೀನಿದ್ದೆಯಾ?"

"ಮೊದಲ ಕೋಣೆಗೆ ಇದ್ದೆ. ಆಮೇಲೆ ಅನುದಾನಕ್ಕೆ ಕಚೇರಿ ಅಲೀತಿದ್ದೆ."

"ಅದಕ್ಕೇ ಅದೊಂದು ಕೋಣೆ ಬೆಚ್ಚಗಿದೆ. ನೀನೇನಪ್ಪ, ಗಾರೆಯವನೇ?"

"ಉಗ್ರಾಣದಿಂದ ಬಾಯಿ ಹೊಲಿದ ಚೀಲ ಬಂತು, ಜೋಡಿಸ್ದೆ. ಬಿಚ್ಚಿ ನೋಡಲಿಲ್ಲ."

ಅಧ್ಯಕ್ಷ ಹೊಸ ದಿಂಬೊಂದನ್ನು ಮುಂದೆ ಸರಿಸಿದ. ಅದರ ಮೇಲೆ ಅವನದೇ ಹೆಸರಿನ ಕಸೂತಿ. "ಕೂತ್ಕೊಂಡು ವಿಚಾರಿಸಿ ಅಜ್ಜಿ. ಅತಿಥಿಗಳಿಗೆ ಅಂತ ನಾನೇ ಕೊಟ್ಟದ್ದು. ನನ್ನ ಮಂದೆಯ ಉಣ್ಣೆ."

ಅಜ್ಜಿ ಕೂತಳು. ಎದ್ದಾಗ ಹೊದ್ದ ಶಾಲಿಗೆ ಅಂಟಿದ್ದ ಉಣ್ಣೆಯ ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು.

"ನಿಮ್ಮ ಕುರಿಗಳ ಬೆನ್ನಿಗೆ ಯಾವ ಬಣ್ಣ ಹಚ್ತೀರಿ?"

"ಕೆಂಪು. ನಮ್ಮಪ್ಪನ ಕಾಲದಿಂದ ಕೆಂಪೇ. ಯಾಕೆ?"

"ಕತ್ತರಿ ಕೊಡ್ರೇ ಯಾರಾದ್ರೂ!"

ದಿಂಬಿನ ಹೊಟ್ಟೆ ಬಿರಿಯಿತು. ಬಿಳಿ ಉಣ್ಣೆಯ ತುದಿಗಳಲ್ಲಿ ನೀಲಿ, ಹಸಿರು, ಹಳದಿ!

"ಊರಿನ ಮಂದೆಯೆಲ್ಲ ಒಟ್ಟಿಗೆ ಮೇಯುತ್ತೆ, ಗುರುತಿಗೆ ಮನೆಗೊಂದು ಬಣ್ಣ. ವ್ಯಾಪಾರಿಗೆ ಕೊಡುವಾಗ ಬಣ್ಣದ ತುದಿ ಕತ್ತರಿಸ್ತೀವಿ. ಗೋಡೆಯೊಳಗೆ ಯಾರು ನೋಡ್ತಾರೆ ಅಂತ ಈ ಸಲ ಯಾರೂ ಕತ್ತರಿಸಲಿಲ್ಲ. ಈ ಬಣ್ಣಗಳೆಲ್ಲ ಒಟ್ಟಿಗಿದ್ದದ್ದು ಉಗ್ರಾಣದಲ್ಲಿ ಮಾತ್ರ. ನೀಲಿ ನನ್ನ ಮಗಳ ಮನೆದು ಕಣೋ!" ಅಜ್ಜಿ ನೀಲಿ ಎಳೆಯನ್ನು ಅಧ್ಯಕ್ಷನ ಮುಂದೆ ಹಿಡಿದಳು. "ಕದ್ದದ್ದು ಸಾಲದೆ ದಾನಿ ಅಂತ ಬೇರೆ ಅನ್ನಿಸಿಕೊಳ್ಳಬೇಕಿತ್ತಾ ನಿನಗೆ?"

ಅಧ್ಯಕ್ಷನ ಮುಖ ಬಿಳಿಚಿತು. "ಉಳಿದದ್ದು... ಹಾಸಿಗೆ ಅಂಗಡಿಗೆ ಹೋಯ್ತು. ಬೇಸಿಗೆಲಿ ಉಣ್ಣೆ ಕತ್ತರಿಸಿದಾಗ ಎಲ್ಲಾ ವಾಪಸ್ ತುಂಬಿಸಿಕೊಡ್ತೀನಿ."

"ಕೆಲಸದಿಂದ ಯಾರನ್ನ ತೆಗೀಬೇಕು ಅಂತ ಗೊತ್ತಾಯ್ತು," ಎಂದ ಗಾರೆಯವನು.

ಹುಡುಗಿ ದಿಂಬಿನ ಉಣ್ಣೆಯನ್ನು ಬಾಚಿ ಗೋಡೆಯ ತೂತಿಗೆ ತುರುಕಿದಳು. ಆ ತೂತಿಗೇ ಸಾಲಲಿಲ್ಲ.

ಒಬ್ಬ ತಾಯಿ ಮಗಳನ್ನು ಎಳೆದು ತಂದು, ಅವಳ ಕೈಯನ್ನು ಅಧ್ಯಕ್ಷನ ಅಂಗೈಯಲ್ಲಿಟ್ಟಳು.

"ಹಿಡ್ಕೊಳ್ಳಿ. ಬೇಸಿಗೆವರೆಗೂ ಬಿಡಬೇಡಿ."

ಮಂಜಿನಂಥ ಆ ಕೈ ತಾಗಿದ್ದೇ ಅವನು ತನ್ನ ಕೈ ಹಿಂದಕ್ಕೆಳೆದುಕೊಂಡ.