ಫ್ಲೋರಿಯಾನಾದ ಹಗೇವು

ಬೆಣ್ಣೆಹಳ್ಳದ ದಂಡೆಯ ಜಾಲಿಕಂಟಿಯಲ್ಲಿ ನೀಲಿ ಸೂಟ್‌ಕೇಸೊಂದು ಸಿಕ್ಕಿಹಾಕಿಕೊಂಡಿತ್ತು. ಸೇತುವೆಯ ಮೇಲಿಂದ ಯಾರೋ ಎಸೆದಿದ್ದರು. ಹಳ್ಳದಲ್ಲಿ ನೀರು ಕಡಿಮೆ. ತೇಲಿಹೋಗಬೇಕಾದದ್ದು ಮುಳ್ಳಿಗೆ ಸಿಕ್ಕಿ ನಿಂತಿತ್ತು.

ಪಿಎಸ್‌ಐ ಅಂದಾನೆಪ್ಪ ಜಿಪ್ಪು ಎಳೆದರು. ಎರಡು ಇಳಕಲ್ ಸೀರೆ, ಹೊಸ ಬೂಟು, ಶೇಂಗಾ ಚಟ್ನಿಯ ಡಬ್ಬಿ. ಒಳಜೇಬಿನಲ್ಲಿ ಪಾಸ್‌ಪೋರ್ಟು.

ಸುದ್ದಿ ಬರೆಯಲು ಬಂದಿದ್ದ ವರದಿಗಾರ್ತಿ ರೂಬಿನಾ ಇಣುಕಿ ನೋಡಿದಳು.  ಫೋಟೊದಲ್ಲಿದ್ದವಳು ಶಿವಾನಿ. ಗುಡಗೇರಿಯ ಕೃಷಿ ಅಧಿಕಾರಿ. ರೂಬಿನಾಳ ಜೀವದ ಗೆಳತಿ. ಮೂರು ದಿನದ ಹಿಂದೆ ರಜೆ ಹಾಕಿ ಯುರೋಪಿಗೆ, ಮಾಲ್ಟಾ ದ್ವೀಪದ ವಲೆಟ್ಟಾ ಪಟ್ಟಣಕ್ಕೆ ಹೊರಟವಳು.

"ಆಕಿ ಅಲ್ಲಿ ಅದಾಳ್ರಿ ಸರ್," ಎಂದಳು ರೂಬಿನಾ.  "ನಿನ್ನೆ ಸುದ್ದಾ ಮೆಸೇಜ್ ಬಂದೈತಿ. ಬಂದರಿನ್ಯಾಗ ಬಣ್ಣದ ದೋಣ್ಯಾಗ ಕುಂತಿದ್ನಿ ಅಂತ ಬರದಾಳ."

ಅಂದಾನೆಪ್ಪ ಪಾಸ್‌ಪೋರ್ಟನ್ನು ಎತ್ತಿ ಹಿಡಿದರು.

"ಇದು ಇಲ್ಲೈತಲ್ಲವಾ."

ಪಾಸ್‌ಪೋರ್ಟಿಲ್ಲದೆ ಸಮುದ್ರ ದಾಟಲು ಶಿವಾನಿಯೇನು ಕೊಕ್ಕರೆಯೇ? ಹಾಗಾದರೆ ಆ ಮೆಸೇಜು ಬರೆಯುತ್ತಿರುವವರು ಯಾರು? ಶಿವಾನಿ ಎಲ್ಲಿದ್ದಾಳೆ? ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯ ರೂಬಿನಾಳಿಗೆ ಬರಲಿಲ್ಲ.

* * *

ಈ ಪ್ರವಾಸಕ್ಕೆ ಇಬ್ಬರೂ ಕೂಡಿ ಹೋಗಬೇಕಿತ್ತು. ತಾಯಿಯ ಆಪರೇಷನ್ ಬಂದು ರೂಬಿನಾ ಹಿಂದೆ ಉಳಿದಳು. ವರ್ಷಗಟ್ಟಲೆ ಚಾ ಕುಡಿಯುತ್ತ ಇಬ್ಬರೂ ಆ ಪಟ್ಟಣವನ್ನು ಬಾಯಲ್ಲೇ ಸುತ್ತಿದ್ದರು. ಎಲ್ಲರೂ ಸೆಲ್ಫಿ ತೆಗೆಯುವ ಜಾಗ ಬೇಡವೆಂಬುದು ಶಿವಾನಿಯ ಹಟ. ಮುಂಜಾನೆ ಮರದ ದೋಣಿಯಲ್ಲಿ ಬಂದರು ದಾಟಬೇಕು. ಕೋಟೆಯ ಬುಡದಲ್ಲಿ ಬಂಡೆ ಕಡಿದು ಮಾಡಿದ ಈಜುಗೊಳದಲ್ಲಿ ಕಾಲು ಇಳಿಬಿಡಬೇಕು. ಹಳೇ ಅರಮನೆಯ ಕೋಣೆಯೊಂದರಲ್ಲಿ ಮಲಗಬೇಕು. ಇಳಕಲ್ ಸೀರೆ ಉಟ್ಟು, ಓಣಿಯ ಮೆಟ್ಟಿಲ ಮೇಲೆ ಹಾಕಿದ ಕುರ್ಚಿಯಲ್ಲಿ ಕುಳಿತು ಹಾಡು ಕೇಳಬೇಕು.

"ಹೋದ್ರ ಠೀಕಾಗಿ ಹೋಗಬೇಕು ನೋಡ ಬೇ," ಎನ್ನುತ್ತಿದ್ದಳು.

ಅಂದಾನೆಪ್ಪ ಮೊದಲು ಹಿಡಿದದ್ದು ನದೀಮನನ್ನು. ಶಿವಾನಿಯನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿದ್ದ ಕಾರು ಅವನದು. ಹಿಂದಿನ ಸೀಟಿನಡಿ ಶಿವಾನಿಯ ಕೂದಲ ಕ್ಲಿಪ್ಪು ಸಿಕ್ಕಿತು.

"ಅದು ಹಳೇದ್ರಿ ಸಾಹೇಬ್ರ. ವಾರಾ ವಾರಾ ಹುಬ್ಬಳ್ಳಿಗೆ ನನ್ನ ಗಾಡ್ಯಾಗ ಹೋಗ್ತಿದ್ರು."

"ಅವತ್ತ?"

"ಗಾಡಿ ಬ್ಯಾಡ, ಮನಿಯವರ ಬಿಡ್ತಾರ ಅಂತ ಮೆಸೇಜ್ ಬಂತ್ರಿ. ನೋಡ್ರಿ, ಇಲ್ಲೇ ಐತಿ."

"ಆಕಿ ಫೋನ್ ನಿನ್ನ ಕೈಯಾಗ ಇದ್ದಿದ್ರ ನೀನೂ ಕಳಸಬಹುದಲ್ಲ?"

ನದೀಮ್ ಅಳತೊಡಗಿದ. ಮೊಬೈಲ್ ಟವರಿನ ಸುದ್ದಿ ಬಂತು. ಶಿವಾನಿಯ ಫೋನು ಈ ಜಿಲ್ಲೆ ಬಿಟ್ಟು ಹೋಗಿಯೇ ಇಲ್ಲ. ಗುಡಗೇರಿಯ ಸುತ್ತಮುತ್ತಲೇ ಎಲ್ಲೋ ಇದೆ. ಆದರೆ ಒಂದು ಟವರಿನ ಕೆಳಗೆ ಎಷ್ಟು ಹಳ್ಳಿ, ಎಷ್ಟು ಹೊಲ, ಎಷ್ಟು ಬಾವಿ! 

* * *

ಶಿವಾನಿಯ ತಾಯಿ ಮಾದೇವಿ ಪಡಸಾಲೆಯಲ್ಲಿ ಫೋನು ಹಿಡಿದು ಕುಳಿತಿದ್ದಳು. ಅಳು ಇನ್ನೂ ಬಂದಿರಲಿಲ್ಲ.

"ನನ್ನ ಮಗಳು ನಿನ್ನೆ ರಾತ್ರಿನೂ ಬರದಾಳ. ಆಕಿಗೇನೂ ಆಗಿಲ್ಲ."

ಅಷ್ಟರಲ್ಲಿ ಫಕೀರೇಶ ಓಡೋಡಿ ಬಂದ. ಮಾದೇವಿಯ ಅಣ್ಣನ ಮಗ. ಗುಡಗೇರಿಯಲ್ಲಿ ಬೀಜದ ಅಂಗಡಿ ಇಟ್ಟವನು, ಊರಿಗೆ ಬೇಕಾದವನು. ಅಂಗಿಯ ತೋಳು ಒದ್ದೆಯಾಗಿತ್ತು.

"ಅತ್ತಿ, ಸುದ್ದಿ ಈಗ ತಿಳೀತು. ಆ ನದೀಮನ್ನ ಸುಮ್ನ ಬಿಡಬ್ಯಾಡ್ರಿ ಸಾಹೇಬ್ರ!"

ಅವನು ಬಾಜುವಿನಲ್ಲಿ ಕುಳಿತಾಗ ರೂಬಿನಾಳಿಗೆ ಹುಳಿ ವಾಸನೆ ಹೊಡೆಯಿತು. ಹಳಸಿದ ಅಂಬಲಿಯಂಥ ವಾಸನೆ. ಅಂಗಡಿಯಲ್ಲಿ ಏನೋ ಚೆಲ್ಲಿಕೊಂಡಿರಬೇಕು ಎಂದುಕೊಂಡಳು.

"ಓದ ರೂಬಿ, ಇನ್ನೊಮ್ಮಿ ಓದಿ ಹೇಳು," ಎಂದು ಮಾದೇವಿ ಫೋನು ಕೊಟ್ಟಳು. ತಾಯಿಗೆ ಬಂದಿದ್ದ ಆ ಮೆಸೇಜನ್ನು ರೂಬಿನಾ ನೋಡುತ್ತಿದ್ದುದು ಅದೇ ಮೊದಲು. ಗಟ್ಟಿಯಾಗಿ ಓದಿದಳು.

"ಅವ್ವಾ, ಇವತ್ತ ಫ್ಲೋರಿಯಾನಾಕ್ಕ ಹೋಗಿದ್ನಿ. ಚೌಕದ ತುಂಬ ನಮ್ಮಂಥಾವ ಹಗೇವು ಅದಾವು. ಮುಚ್ಚಳಾ ತಗದು ಗಾಳಿ ಆಡಾಕ ಬಿಡ್ತಾರ. ಮೊದ್ಲ ದೀಪಾ ಇಳಿಸಿ ನೋಡ್ತಾರ. ಒಳಗ ಹುಳಿ ವಾಸನಿ. ನಿನ್ನ ತವರಮನಿ ನೆನಪಾತು."

ಹಗೇವು ಎಂದರೆ ನೆಲದಡಿಯ ಕಾಳಿನ ಗುಂಡಿ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಅಗಲ. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಡುತ್ತದೆ. ದೀಪ ಇಳಿಸಿ ನೋಡದೆ ಇಳಿದವರು ಜೀವಂತ ಮೇಲೆ ಬರುವುದು ಅಪರೂಪ.

ರೂಬಿನಾ ಮತ್ತೊಮ್ಮೆ ಓದಿದಳು, ಈ ಸಲ ಮನಸ್ಸಿನಲ್ಲಿ. ಫ್ಲೋರಿಯಾನಾ ವಲೆಟ್ಟಾದ ಮಗ್ಗುಲಿನ ಊರು. ಅಲ್ಲಿನ ಚೌಕದ ನೆಲದಡಿ ನೂರಾರು ವರ್ಷದ ಕಾಳಿನ ಗುಂಡಿಗಳಿರುವುದು ನಿಜ. ಮೇಲೆ ದುಂಡು ಕಲ್ಲಿನ ಮುಚ್ಚಳ. ಆದರೆ ಆ ಕಲ್ಲುಗಳನ್ನು ಯಾರೂ ಎತ್ತುವುದಿಲ್ಲ! ಒಳಗೆ ನೋಡಲು ಬಿಡುವುದಿಲ್ಲ ಎಂದು ಓದಿ ಇಬ್ಬರೂ ಪೇಚಾಡಿಕೊಂಡಿದ್ದರು. ಇದನ್ನು ಬರೆಸಿದ ಹುಳಿ ವಾಸನೆ ಮಾಲ್ಟಾದ್ದಲ್ಲ.

 ಬಾಜುವಿನಲ್ಲಿ ಕುಳಿತವನ ಕಡೆ ನೋಡಲೂ ಅವಳಿಗೆ ಹೆದರಿಕೆಯಾಯಿತು.

"ಅವ್ವಾರ, ಈಗ ಹಗೇವು ಯಾರ ಮನ್ಯಾಗ ಉಳದಾವ್ರಿ?" ಎಂದು ಮಾದೇವಿಯನ್ನು ಕೇಳಿದಳು.

"ಎಲ್ಲಾರೂ ಮಣ್ಣ ತುಂಬಿಬಿಟ್ರವಾ. ಕುಬಿಹಾಳದಾಗ ನಮ್ಮ ತವರಮನ್ಯಾಗ ಒಂದ ಇತ್ತು. ಈಗ ಆ ಮನಿ ಇವಂದ ಗೋದಾಮು."

"ಅದನ್ನೂ ಹೋದ ವರ್ಷನ ಮುಚ್ಚಿಸೇನಿ," ಎಂದ ಫಕೀರೇಶ. ಯಾರೂ ಅವನನ್ನು ಕೇಳಿರಲಿಲ್ಲ.

* * *

ಅಂದಾನೆಪ್ಪನವರ ಕಿವಿಯಲ್ಲಿ ರೂಬಿನಾ ಹೇಳಿದ್ದು ಎರಡೇ ಮಾತು. ಅವರು ಹುಬ್ಬು ಗಂಟಿಕ್ಕಿದರು. ಆದರೂ ಜೀಪು ಹತ್ತಿದರು. ಮಾದೇವಿಯನ್ನೂ ಫಕೀರೇಶನನ್ನೂ ಹತ್ತಿಸಿಕೊಂಡರು.

"ಮಗಳು ಕಳದಾಳ, ನಿಮಗ ಹಗೇವಿನ ಚಿಂತಿ," ಎಂದು ಅವನು ಗೊಣಗಿದ.

ಕುಬಿಹಾಳದ ಆ ಮನೆಯ ಬೀಗ ತೆರೆದಾಗ ಒಳಗೆಲ್ಲ ಬೀಜದ ಚೀಲ. ಪಡಸಾಲೆಯ ನಡುವೆ ಚೀಲಗಳ ರಾಶಿ. ಪೊಲೀಸರು ಒಂದೊಂದಾಗಿ ಎಳೆದು ಹಾಕಿದರು. ಕೆಳಗೆ ಸಗಣಿ ಸಾರಿಸಿದ ನೆಲ. ರೂಬಿನಾ ಬಗ್ಗಿ ಬೆರಳು ಒತ್ತಿದಳು. ಬೆರಳು ಒಳಗೆ ಇಳಿಯಿತು.

"ಹೋದ ವರ್ಷ ಸಾರಿಸಿದ್ದು ಇನ್ನೂ ಹಸೀನ ಐತಲ್ಲ ಫಕೀರೇಶಣ್ಣಾ?"

ಅವನು ಬಾಗಿಲಿಗೆ ಜಿಗಿದ. ಹೊಸ್ತಿಲಲ್ಲಿ ಪೇದೆ ಹನಮಪ್ಪ ನಿಂತಿದ್ದ. ಆ ಗಾತ್ರದ ಮನುಷ್ಯನನ್ನು ದಾಟಿ ಹೋಗುವುದು ಯಾರಿಂದಲೂ ಆಗದ ಮಾತು.

ಹಾರೆ ಹಾಕಿ ಕಲ್ಲು ಎಬ್ಬಿಸಿದರು. ಬಿಸಿಯಾದ ಹುಳಿ ಗಾಳಿ ಮುಖಕ್ಕೆ ಬಡಿಯಿತು.

"ಶಿವಾನೀ!"

ಉತ್ತರವಿಲ್ಲ. ಮಾದೇವಿ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟಳು. ಬೆಳಕು ಕೆಳಕೆಳಗೆ ಹೋಯಿತು. ಸೀರೆಯ ಸೆರಗೊಂದು ಕಂಡಿತು. ದೀಪ ಪಕ್ಕನೆ ಆರಿತು.

ಅಂದಾನೆಪ್ಪ ಬೂಟು ಕಳಚಿ ಇಳಿಯಲು ಹೋದರು. ಮಾದೇವಿ ಎರಡೂ ಕೈಯಿಂದ ಅವರನ್ನು ಹಿಂದಕ್ಕೆ ಎಳೆದಳು.

"ಯಾರೂ ಇಳೀಬ್ಯಾಡ್ರಿ! ಇಳದ್ರ ನೀವೂ ಹೋಗ್ತೀರಿ. ಬೇವಿನ ಟೊಂಗಿ ತರ್ರಿ, ಕಂಬಳಿ ತರ್ರಿ!"

ಕೆಳಗೆ ಇದ್ದದ್ದು ಅವಳ ಮಗಳು. ಆ ತಾಯಿಯ ಎದೆಯಲ್ಲಿ ಆಗ ಏನು ನಡೆದಿತ್ತೋ, ಹೇಳಲಾಗದು. ಕೆಟ್ಟ ಗಾಳಿ ಹೊರಹೋಗಲೆಂದು ಹಗ್ಗಕ್ಕೆ ಕಟ್ಟಿದ ಬೇವಿನ ಟೊಂಗೆ ಮೇಲೆ ಕೆಳಗೆ ಆಡಿತು. ಕಂಬಳಿ ಬೀಸಿದರು. ಮತ್ತೆ ದೀಪ ಇಳಿಸಿದರು. ಆರಿತು. ಮತ್ತೆ ಬೀಸಿದರು. ಆಮೇಲೆ ಕೆಳಗೆ ದೀಪ ಸಣ್ಣಗೆ ಉರಿಯುತ್ತ ನಿಂತಿತು.

ಬಾಯಿ ಕಿರಿದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ರೂಬಿನಾಳೇ ಇಳಿದಳು.  ಕತ್ತಲಲ್ಲಿ ಕೈಗೆ ಪಾದವೊಂದು ಸಿಕ್ಕಿತು. ತಣ್ಣಗಿತ್ತು. ಅವಳು ಚೀರಲು ಬಾಯಿ ತೆರೆದಳು.

ಪಾದದ ಬೆರಳು ಅಲುಗಿತು.

* * *

ಮರುದಿನ ಆಸ್ಪತ್ರೆಯಲ್ಲಿ ಅಂದಾನೆಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಶಿವಾನಿಯ ಫೋನು ಫಕೀರೇಶನ ಅಂಗಡಿಯ ಚೀಲವೊಂದರಲ್ಲಿ ಸಿಕ್ಕಿತ್ತು. ಅವನು ಎಲ್ಲ ಒಪ್ಪಿಕೊಂಡಿದ್ದ. ಸಂತೆಯ ಹೆಸರುಕಾಳಿಗೆ ಬಣ್ಣ ಬಳಿದು ಬಿತ್ತನೆ ಬೀಜವೆಂದು ಮಾರುತ್ತಿದ್ದ. ಕಚೇರಿಯ ಮುಂದೆ ನದೀಮನ ಗಾಡಿಗೆ ಕಾಯುತ್ತಿದ್ದ ಶಿವಾನಿಯನ್ನು, ಊಟ ಮಾಡಿಸಿ ವಿಮಾನಕ್ಕೆ ಬಿಡುತ್ತೇನೆಂದು, ಗಾಡಿ ಬೇಡವೆಂದು ಅವಳಿಂದಲೇ ಮೆಸೇಜು ಹಾಕಿಸಿ ಕುಬಿಹಾಳಕ್ಕೆ ಕರೆದೊಯ್ದ. ದೇವರಿಗೆ ಕೈಮುಗಿಯಲು ಒಳಗೆ ಹೋದ ಅವಳು ಬಣ್ಣದ ಬಕೆಟ್ಟು ನೋಡಿಬಿಟ್ಟಳು. ಇವಳು ಕೃಷಿ ಅಧಿಕಾರಿ. ಸುಮ್ಮನಿರುವ ಪೈಕಿ ಅಲ್ಲವೆಂದು ಹೆದರಿ ಹಗೇವಿಗೆ ತಳ್ಳಿದ.

"ಬಿತ್ತನಿ ಮುಗದು ಮಾಲು ಖಾಲಿ ಆಗೂಮಟ ಮುಚ್ಚಿಡೂ ವಿಚಾರ ಇತ್ತಂತ," ಎಂದರು ಅಂದಾನೆಪ್ಪ. "ಆಮ್ಯಾಲೆ ಏನ್ ಮಾಡಾವ ಇದ್ದಿ ಅಂದ್ರ ತಲಿ ಕೆಳಗ ಹಾಕಿದ. ಅಲ್ಲೀಮಟ ಗಾಳಿಗೆ ಸಂದಿ ಬಿಟ್ಟಿದ್ದಾಂವ, ಸೂಟ್‌ಕೇಸ್ ಸಿಕ್ಕಿದ್ದು ತಿಳದ ಕೂಡಲೇ ಕಲ್ಲ ಪೂರ್ತಿ ಮುಚ್ಚಿ ಸಗಣಿ ಸಾರಿಸಿ, ಕೈ ತೊಳಕೊಂಡು ನಿಮ್ಮ ಮನಿಗೆ ಬಂದಾನ. ರೂಬಿನಾ, ನಿನಗ ಹೆಂಗ ಹೊಳೀತು?"

"ಅಲ್ಲಿ ಹಗೇವು ತೆರ್ಯಾಂಗಿಲ್ರಿ ಸರ್. ತೆರದದ್ದು ನೋಡೇನಿ ಅಂದ್ರ ಬ್ಯಾರೆ ಕಡೆ ನೋಡಿರಬೇಕು. ಮೆಸೇಜಿನ್ಯಾಗ ಹುಳಿ ವಾಸನಿ, ಇವನ ಮೈಗೂ ಹುಳಿ ವಾಸನಿ. ಮ್ಯಾಲೆ ಕೇಳದನ ಮುಚ್ಚಿಸೇನಿ ಅಂದ. ಆದ್ರ ದಡ್ಡ, ಅಷ್ಟ ಖರೇ ಯಾಕ ಬರದ್ನೋ?"

"ಅವ ಎಲ್ಲಿ ಬರದಾ," ಎಂದಳು ಶಿವಾನಿ. ಗಂಟಲು ಒಡೆದಿತ್ತು. "ಅವಗ ಆ ಊರು ಏನ್ ಗೊತ್ತೈತಿ? ದಿನಾ ಮುಚ್ಚಳಾ ಸರಿಸಿ, ಇವತ್ತ ಎಲ್ಲಿ ಹೋಗಾಕಿದ್ದಿ ಹೇಳು, ನೀರ ಕೊಡ್ತೇನಿ ಅಂತಿದ್ದ. ನಾ ಕತ್ತಲ್ಯಾಗ ಕುಂತು ಹೇಳ್ತಿದ್ನಿ. ದೋಣಿ, ಈಜುಗೊಳ, ಮೆಟ್ಟಿಲ ಮ್ಯಾಲಿನ ಹಾಡು. ಎಲ್ಲಾ ಖರೇನ ಹೇಳಿದ್ನಿ."

"ಹಗೇವು?"

"ಬ್ಯಾರೆ ಊರಾಂವ ಆಗಿದ್ರ ಸಂಶಯಾ ಪಡ್ತಿದ್ದ. ಇವ ಹಗೇವಿನ ಮನ್ಯಾಗ ಹುಟ್ಟಿದಾಂವ. ಮುಚ್ಚಳಾ ತಗೀತಾರ, ದೀಪಾ ಇಳಸ್ತಾರ ಅಂದ್ರ, ಹೌದು, ಹಂಗ ಮಾಡ್ತಾರ ಅಂದ. ನಕ್ಕೋತ ಬರಕೊಂಡ."

ಶಿವಾನಿ ಗೆಳತಿಯ ಕೈ ಹಿಡಿದಳು. 

"ಅಷ್ಟರಾಗ ಒಂದ ಸುಳ್ಳ ಹೇಳಿದ್ನಿ ಬೇ. ಅದು ಸುಳ್ಳು ಅಂತ ಗೊತ್ತಿದ್ದಾಕಿ ನೀ ಒಬ್ಬಾಕಿನ."